ವಿದ್ಯುತ್ತಿನ ಕೆಲಸವೂ ಜೀವದ ಬೆಲೆಯೂ

ಕಾವೇರಿಯ ಜಲಪಾತದ ಬಲದಿಂದ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುಚ್ಛಕ್ತಿಯು 1902ನೆಯ ಇಸವಿಯಲ್ಲಿ ತೊಂಬತ್ತು ಮೈಲಿಗೂ ಮೀರಿದ ದೂರವನ್ನು ತಂತಿಯ ಮೂಲಕ ಕ್ರಮಿಸಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿದ ಸಂಗತಿಯು ನಮ್ಮ ವಾಚಕರಿಗೆ ವಿದಿತವಾದದ್ದೇ. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದವು. ದೇಶದ ಅನೇಕ ಪಟ್ಟಣಗಳು ಎಣ್ಣೆಯ ದೀಪದಲ್ಲಿಯೇ ಇದ್ದ ಕಾಲದಲ್ಲಿ ನಮ್ಮ ನಾಡು ಈ ಶಕ್ತಿಯನ್ನು ಬಳಸಲಾರಂಭಿಸಿತೆಂಬ ಹೆಮ್ಮೆಯು ನಮಗೆ ನ್ಯಾಯವಾದದ್ದು. ಆದರೆ ಒಂದು ಶಕ್ತಿಯನ್ನು ಮೊದಲು ಪಡೆದವರು ಅದನ್ನು ನಡೆಸಿಕೊಳ್ಳುವ ಶಿಸ್ತನ್ನೂ ಮೊದಲು ಕಲಿತಿರಬೇಕಾದದ್ದು ಕ್ರಮ. ನೂರಿಪ್ಪತ್ತು ವರ್ಷಗಳ ಈ ಒಡನಾಟದ ಮೇಲೆ ನಾವು ಆ ಶಿಸ್ತನ್ನು ಎಷ್ಟರಮಟ್ಟಿಗೆ ಕಲಿತಿದ್ದೇವೆಂದು ಕೇಳಿಕೊಂಡರೆ ದೊರೆಯುವ ಉತ್ತರವು ಸಂತೋಷಕರವಾಗಿಲ್ಲ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಟಿಸುವ ಆಕಸ್ಮಿಕ ಮರಣಗಳ ವರದಿಯನ್ನು ತೆರೆದು ನೋಡಿರಿ. 2019, 2020, 2021 ಈ ಮೂರು ವರ್ಷಗಳಲ್ಲಿ ಪ್ರತಿಯೊಂದರಲ್ಲಿಯೂ ವಿದ್ಯುದಾಘಾತದಿಂದ ಸತ್ತವರ ಸಂಖ್ಯೆಯು ದೇಶದಲ್ಲಿ ಹನ್ನೆರಡು ಸಾವಿರವನ್ನು ಮೀರಿದೆ. ದಿನವೊಂದಕ್ಕೆ ಲೆಕ್ಕ ಹಾಕಿದರೆ ಮೂವತ್ತಕ್ಕೂ ಹೆಚ್ಚು ಜನ. ಆಕಾಶದ ಸಿಡಿಲಿನಿಂದ ಸತ್ತವರು ಈ ಲೆಕ್ಕಕ್ಕೆ ಸೇರಿದವರಲ್ಲ. ಅವರದು ಬೇರೆ ಲೆಕ್ಕ. ಇವರೆಲ್ಲರೂ ಮನುಷ್ಯನು ತಾನೇ ಉತ್ಪಾದಿಸಿ, ತಾನೇ ತಂತಿಯಲ್ಲಿ ಹರಿಸಿದ ವಿದ್ಯುತ್ತಿನಿಂದ ಸತ್ತವರು. ಇವರಲ್ಲಿ ಕಂಬವನ್ನೇರಿದ ಲೈನ್‌ಮನ್ ಇದ್ದಾನೆ, ಮನೆಮನೆಗೆ ವೈರಿಂಗ್ ಮಾಡುವ ಎಲೆಕ್ಟ್ರಿಷಿಯನ್ ಇದ್ದಾನೆ, ಪಂಪ್‌ಸೆಟ್ಟಿನ ಸ್ಟಾರ್ಟರನ್ನು ಒದ್ದೆ ಕೈಯಿಂದ ಮುಟ್ಟಿದ ರೈತನಿದ್ದಾನೆ, ಗೋಡೆಗೆ ಬಣ್ಣ ಬಳಿಯಲು ಹೋಗಿ ಏಣಿಯನ್ನು ತಂತಿಗೆ ತಾಗಿಸಿದ ಕೂಲಿಯಿದ್ದಾನೆ. ಬಹುಮಂದಿಯನ್ನು ಮೃತ್ಯುವು ದುಡಿಯುತ್ತಿದ್ದಾಗಲೇ ಕೊಂಡೊಯ್ದಿದೆ.

ಇಂಥ ಸುದ್ದಿಯೊಂದು ಬಂದಾಗ ನಾವು ಆಡುವ ಮಾತುಗಳು ಎರಡೇ. ಒಂದು, "ಪಾಪ, ಅವನ ಗ್ರಹಚಾರ" ಎಂಬುದು. ಇನ್ನೊಂದು, "ಅವನ ಅಜಾಗರೂಕತೆ" ಎಂಬುದು. ಈ ಎರಡು ಮಾತುಗಳಲ್ಲಿ ಯಾವುದನ್ನಾಡಿದರೂ ವಿಚಾರವು ಅಲ್ಲಿಗೇ ಮುಗಿಯುತ್ತದೆ. ಮಿಕ್ಕವರೆಲ್ಲರೂ ನಿರಪರಾಧಿಗಳಾಗಿ ಊಟಕ್ಕೆ ಏಳಬಹುದು. ನಮ್ಮ ಅಭಿಪ್ರಾಯವು ಬೇರೆ. ವಿದ್ಯುತ್ತಿನ ಕೆಲಸದಲ್ಲಿ ಸಂಭವಿಸುವ ಸಾವುಗಳಿಗೆ ನಿಯಮಗಳ ಅಭಾವವು ಕಾರಣವಲ್ಲ, ಏಕೆಂದರೆ ನಿಯಮಗಳು ಸಾಕಷ್ಟಿವೆ. ತಿಳಿವಳಿಕೆಯ ಅಭಾವವೂ ಮುಖ್ಯ ಕಾರಣವಲ್ಲ, ಏಕೆಂದರೆ ಸತ್ತವರಲ್ಲಿ ಹತ್ತಾರು ವರ್ಷ ಅದೇ ಕೆಲಸದಲ್ಲಿ ಪಳಗಿದವರೂ ಇದ್ದಾರೆ. ಮುಖ್ಯ ಕಾರಣವು ಅವಸರ. ಆ ಅವಸರವು ಬಹುತೇಕ ಕಂಬದ ಮೇಲಿರುವವನದಲ್ಲ, ಕೆಳಗೆ ಕಾದಿರುವ ನಮ್ಮದು. ಈ ಮಾತನ್ನು ಸಾಧಿಸುವುದೇ ಈ ಲೇಖನದ ಉದ್ದೇಶ.

ಮೊದಲಿಗೆ, ಮನುಷ್ಯನನ್ನು ಕೊಲ್ಲಲು ಎಷ್ಟು ವಿದ್ಯುತ್ತು ಬೇಕೆಂಬುದನ್ನು ತಿಳಿಯಬೇಕು. ಈ ವಿಷಯದಲ್ಲಿ ವಿದ್ಯಾವಂತರಲ್ಲಿಯೂ ತಪ್ಪು ಭಾವನೆಯಿದೆ. ಹೆಚ್ಚು ವೋಲ್ಟಿನ ತಂತಿ ಮಾತ್ರ ಅಪಾಯಕರವೆಂದೂ, ಮನೆಯ ಕರೆಂಟು ಹೊಡೆದರೆ ಕೈ ಜುಮ್ಮೆನ್ನುವುದಷ್ಟೇ ಎಂದೂ ಅನೇಕರು ನಂಬಿದ್ದಾರೆ. ಅಮೆರಿಕದ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರಾಗಿದ್ದ ಚಾರ್ಲ್ಸ್ ಡಾಲ್ಜಿಯೆಲ್ ಎಂಬವರು ಸ್ವಇಚ್ಛೆಯಿಂದ ಮುಂದೆ ಬಂದ ಜನರ ಮೇಲೆ ಪ್ರಯೋಗ ನಡೆಸಿ, ಹಿಡಿದ ತಂತಿಯನ್ನು ಮನುಷ್ಯನು ತಾನಾಗಿ ಬಿಡಲು ಎಷ್ಟು ಪ್ರವಾಹದವರೆಗೆ ಸಾಧ್ಯವೆಂಬುದನ್ನು ಅಳೆದರು. ಆಂಪಿಯರಿನ ಸಾವಿರದ ಒಂದು ಪಾಲು ಹರಿದರೆ ಕೈಗೆ ತಿಳಿಯುತ್ತದೆ. ಹತ್ತು ಹದಿನೈದು ಪಾಲಾದರೆ ತೋಳಿನ ಸ್ನಾಯುಗಳು ಬಿಗಿದುಕೊಂಡು, ಬಿಡಬೇಕೆಂದರೂ ಕೈ ತಂತಿಯನ್ನು ಬಿಡಲಾರದು. ಮೂವತ್ತರ ಸುಮಾರಿಗೆ ಉಸಿರಾಟದ ಸ್ನಾಯುಗಳಿಗೆ ತೊಂದರೆಯುಂಟಾಗುತ್ತದೆ. ಐವತ್ತರಿಂದ ನೂರರೊಳಗೆ, ಒಂದೆರಡು ಕ್ಷಣ ಹರಿದರೂ ಸಾಕು, ಹೃದಯವು ತನ್ನ ತಾಳವನ್ನು ಕಳೆದುಕೊಂಡು ರಕ್ತವನ್ನು ನೂಕಲಾರದೆ ಬರಿದೆ ಅದುರತೊಡಗುತ್ತದೆ.

ಇದನ್ನು ನಮ್ಮ ಮನೆಯ ಲೆಕ್ಕಕ್ಕೆ ತಂದು ನೋಡೋಣ. ಹಿಂದಿನ ಕಾಲದ 60 ವ್ಯಾಟಿನ ಬಲ್ಬು ಉರಿಯಲು ಎಳೆಯುತ್ತಿದ್ದ ಪ್ರವಾಹವು ಆಂಪಿಯರಿನ ಸಾವಿರದ ಇನ್ನೂರರುವತ್ತು ಪಾಲು. ಎಂದರೆ ಹೃದಯವನ್ನು ನಿಲ್ಲಿಸಲು ಬೇಕಾದದ್ದಕ್ಕಿಂತ ಎರಡು ಮೂರು ಪಟ್ಟು ಹೆಚ್ಚು. ಬೆವರಿದ ಅಥವಾ ಒದ್ದೆಯಾದ ದೇಹವು ಸುಮಾರು ಒಂದು ಸಾವಿರ ಓಮಿನ ತಡೆಯನ್ನೊಡ್ಡುತ್ತದೆಂದು ಭಾವಿಸಿದರೆ, 230 ವೋಲ್ಟಿನ ತಂತಿಯನ್ನು ಮುಟ್ಟಿದವನ ಮೈಯಲ್ಲಿ ಹರಿಯುವುದೂ ಹೆಚ್ಚುಕಡಿಮೆ ಅಷ್ಟೇ. ಫ್ಯೂಸು ತನ್ನನ್ನು ಕಾಯುತ್ತದೆಂದು ನಂಬಿದವನು ಮೋಸಹೋದನು. 5 ಆಂಪಿಯರಿನ ಫ್ಯೂಸು ಕರಗಬೇಕಾದರೆ ಸಾವಿರದ ಐದು ಸಾವಿರ ಪಾಲಿಗೂ ಮೀರಿ ಹರಿಯಬೇಕು. ಅಷ್ಟು ಹರಿಯುವುದಕ್ಕೆ ಬಹಳ ಮುಂಚೆಯೇ ಮನುಷ್ಯನ ಪ್ರಾಣ ಹೋಗಿರುತ್ತದೆ. ಫ್ಯೂಸು ತಂತಿಯನ್ನು ಸುಡದಂತೆ ಕಾಯುವುದಕ್ಕಾಗಿ ಇರುವುದೇ ಹೊರತು ಮನುಷ್ಯನನ್ನು ಕಾಯುವುದಕ್ಕಾಗಿ ಅಲ್ಲ. ಕಣ್ಣಿಗೆ ಕಾಣದ, ವಾಸನೆಯಿಲ್ಲದ, ಸದ್ದು ಮಾಡದ ಇಂಥ ಶತ್ರುವಿನೊಡನೆ ಅನುಭವದ ಬಲದಿಂದ ಮಾತ್ರವೇ ಸೆಣಸುವುದು ಅಸಾಧ್ಯವಾದುದರಿಂದಲೇ ಕ್ರಮಬದ್ಧವಾದ ವಿಧಿಯೊಂದನ್ನು ಹಿರಿಯರು ಏರ್ಪಡಿಸಿದರು.

ಆ ವಿಧಿಗೆ ನಮ್ಮ ವಿದ್ಯುತ್ ನೌಕರರ ಬಾಯಲ್ಲಿ "ಲೈನ್ ಕ್ಲಿಯರ್" ಎಂದು ಹೆಸರು, ಎಲ್.ಸಿ. ಎಂದೂ ಹೇಳುವರು. ಲೈನಿನ ಮೇಲೆ ಕೆಲಸ ಮಾಡಬೇಕಾದವನು ಸಬ್‌ಸ್ಟೇಷನ್ನಿನಲ್ಲಿರುವ ಆಪರೇಟರಿನಿಂದ, ಯಾವ ಫೀಡರು, ಯಾವ ಭಾಗ, ಯಾವ ಕೆಲಸ ಎಂಬುದನ್ನು ಸ್ಪಷ್ಟವಾಗಿ ತಿಳಿಸಿ, ಅನುಮತಿಯನ್ನು ಪಡೆಯಬೇಕು. ಆಪರೇಟರು ಬ್ರೇಕರನ್ನು ತೆಗೆದು, ಲೈನನ್ನು ಬೇರ್ಪಡಿಸಿ, ಯಾರೂ ತಿಳಿಯದೆ ಮತ್ತೆ ಹಾಕದಂತೆ ಬೀಗ ಹಾಕಿ, "ಜನರು ಕೆಲಸ ಮಾಡುತ್ತಿದ್ದಾರೆ" ಎಂಬ ಫಲಕವನ್ನು ತೂಗುಹಾಕಿ, ಪುಸ್ತಕದಲ್ಲಿ ಹೊತ್ತನ್ನೂ ಹೆಸರನ್ನೂ ಬರೆದುಕೊಂಡು ಅನುಮತಿಯನ್ನು ಕೊಡಬೇಕು. ಬಳಿಕ ಕೆಲಸದ ಜಾಗದಲ್ಲಿ, ಲೈನು ನಿಜವಾಗಿ ಸತ್ತಿದೆಯೇ ಎಂಬುದನ್ನು ಟೆಸ್ಟರಿನಿಂದ ಪರೀಕ್ಷಿಸಬೇಕು. ಪರೀಕ್ಷಿಸುವ ಮೊದಲು ಆ ಟೆಸ್ಟರು ಸರಿಯಾಗಿದೆಯೇ ಎಂಬುದನ್ನೂ ನೋಡಿಕೊಳ್ಳಬೇಕು. ಆ ಮೇಲೆ ಕೆಲಸದ ಜಾಗದ ಎರಡು ಪಕ್ಕಗಳಲ್ಲಿಯೂ ಅರ್ಥಿಂಗ್ ರಾಡುಗಳನ್ನು ತೊಡಿಸಿ, ಮೂರು ತಂತಿಗಳನ್ನೂ ಒಂದಕ್ಕೊಂದು ಕೂಡಿಸಿ ನೆಲಕ್ಕೆ ಸೇರಿಸಬೇಕು. ಇಷ್ಟೆಲ್ಲ ಆದಮೇಲೆ ಕಂಬವನ್ನೇರುವುದು. ಕೆಲಸ ಮುಗಿದ ಬಳಿಕ ಜನರನ್ನು ಎಣಿಸಿ, ರಾಡುಗಳನ್ನು ತೆಗೆದು, ಎಲ್.ಸಿ. ಪಡೆದವನೇ ಅದನ್ನು ಹಿಂದಿರುಗಿಸಬೇಕು. ಬೇರೊಬ್ಬನು ಹಿಂದಿರುಗಿಸುವುದು ಸಲ್ಲದು.

ಬ್ರೇಕರನ್ನು ತೆಗೆದ ಮೇಲೆ ಪರೀಕ್ಷೆಯೇಕೆ, ಅರ್ಥಿಂಗ್ ಏಕೆ ಎಂದು ಸಾಮಾನ್ಯನು ಕೇಳಬಹುದು. ಕೆಲವು ನೌಕರರೂ ಹೀಗೆಯೇ ಯೋಚಿಸಿ ಪ್ರಾಣವನ್ನು ಕಳೆದುಕೊಂಡಿದ್ದಾರೆ. ಸತ್ತ ಲೈನು ನಾನಾ ವಿಧದಲ್ಲಿ ಮತ್ತೆ ಜೀವ ತಳೆಯಬಲ್ಲದು. ಪಕ್ಕದಲ್ಲಿ ಸಮಾನಾಂತರವಾಗಿ ಹೋಗುವ ಬೇರೆ ಲೈನಿನ ಪ್ರಭಾವದಿಂದ ಇದರಲ್ಲಿ ವೋಲ್ಟೇಜು ಉಂಟಾಗುತ್ತದೆ. ಮೇಲೆ ಅಡ್ಡಹಾಯುವ ತಂತಿಯು ಗಾಳಿಗೆ ಕಡಿದು ಇದರ ಮೇಲೆ ಬೀಳಬಹುದು. ಹೆಸರು ಹೋಲುವ ಎರಡು ಫೀಡರುಗಳಲ್ಲಿ ಒಂದರ ಬದಲು ಇನ್ನೊಂದನ್ನು ತೆಗೆದಿರಬಹುದು. ಇವೆಲ್ಲಕ್ಕಿಂತ ಮಿಗಿಲಾಗಿ, ಊರಿನೊಳಗಿನಿಂದಲೇ ವಿದ್ಯುತ್ತು ಹಿಂದಕ್ಕೆ ಹರಿದು ಬರಬಹುದು. ಈ ಕೊನೆಯ ಕಾರಣವನ್ನು ಪಟ್ಟಣಿಗರು ವಿಶೇಷವಾಗಿ ಗಮನಿಸಬೇಕೆಂದು ಪ್ರಾರ್ಥಿಸುತ್ತೇವೆ.

ಬೀದಿಯ ಮೂಲೆಯಲ್ಲಿ ನಾವು ಟಿ.ಸಿ. ಎಂದು ಕರೆಯುವ ಟ್ರಾನ್ಸ್‌ಫಾರ್ಮರು 11 ಸಾವಿರ ವೋಲ್ಟಿನ ವಿದ್ಯುತ್ತನ್ನು ನಮ್ಮ ಬಳಕೆಯ ಮಟ್ಟಕ್ಕೆ ಇಳಿಸುತ್ತದೆ. ಆದರೆ ಅದು ಒಂದೇ ಕಡೆಗೆ ನಡೆಯುವ ಯಂತ್ರವಲ್ಲ. ಕೆಳಗಿನಿಂದ ಮನೆಯ ವೋಲ್ಟನ್ನು ಕೊಟ್ಟರೆ ಮೇಲಿನ ತಂತಿಯಲ್ಲಿ ಸಾವಿರಾರು ವೋಲ್ಟನ್ನು ಏರಿಸಿಕೊಡುವುದೂ ಅದರ ಧರ್ಮವೇ. ಕರೆಂಟು ಹೋದೊಡನೆ ಅಂಗಡಿಯವನೊಬ್ಬನು ಬದಲಿ ಸ್ವಿಚ್ಚಿಲ್ಲದೆ ತನ್ನ ಜನರೇಟರಿನ ತಂತಿಯನ್ನು ನೇರವಾಗಿ ಕಟ್ಟಡದ ವೈರಿಂಗಿಗೆ ಸೇರಿಸಿ ಚಾಲೂ ಮಾಡಿದನೆಂದರೆ, ಆ ವಿದ್ಯುತ್ತು ಮೀಟರನ್ನು ದಾಟಿ ಹೊರಗೆ ಹರಿದು, ಟಿ.ಸಿ.ಯನ್ನೇರಿ, ಫರ್ಲಾಂಗು ದೂರದಲ್ಲಿ ಅದೇ ಲೈನಿನ ಮೇಲೆ ಬರಿಗೈಯಲ್ಲಿ ದುಡಿಯುತ್ತಿರುವವನನ್ನು ಕೊಲ್ಲಬಲ್ಲದು. ತಾನೊಂದು ಜೀವವನ್ನು ತೆಗೆದೆನೆಂಬುದು ಅಂಗಡಿಯವನಿಗೆ ತಿಳಿಯುವುದೂ ಇಲ್ಲ. ಈಚೆಗೆ ಮನೆಗಳ ತಾರಸಿಯ ಮೇಲೆ ಸೂರ್ಯನ ಬಿಸಿಲಿನಿಂದ ವಿದ್ಯುತ್ ಉತ್ಪಾದಿಸುವ ಫಲಕಗಳು ಹೆಚ್ಚುತ್ತಿವೆ, ಇದು ಸ್ವಾಗತಾರ್ಹವೇ. ಸರಿಯಾದ ಇನ್ವರ್ಟರು ಲೈನಿನಲ್ಲಿ ಕರೆಂಟು ಹೋದೊಡನೆ ತಾನೂ ಹೊರಗೆ ಕೊಡುವುದನ್ನು ನಿಲ್ಲಿಸುವಂತೆ ರಚಿತವಾಗಿರುತ್ತದೆ. ಆದರೆ ತಿಳಿಯದವರು ಬ್ಯಾಟರಿಯೊಡನೆ ಅಡ್ಡಾದಿಡ್ಡಿಯಾಗಿ ಜೋಡಿಸಿದ ವ್ಯವಸ್ಥೆಯಲ್ಲಿ ಆ ಭರವಸೆಯಿಲ್ಲ. ಇಂಥ ಸಂದರ್ಭಗಳಲ್ಲಿ ಲೈನ್‌ಮನ್ನನ ಪ್ರಾಣಕ್ಕೂ ಸಾವಿಗೂ ನಡುವೆ ಇರುವುದು ಆ ಎರಡು ಅರ್ಥಿಂಗ್ ರಾಡುಗಳಷ್ಟೆ. ಎಲ್ಲಿಂದ ಬಂದ ವಿದ್ಯುತ್ತಾದರೂ ಅವುಗಳ ಮೂಲಕ ನೆಲಕ್ಕಿಳಿಯುತ್ತದೆ. ಅವನ ಮೈಯನ್ನು ಹುಡುಕುವುದಿಲ್ಲ.

ಶಾಸ್ತ್ರವನ್ನು ಬಲ್ಲವರು ಒಂದು ಮಾತನ್ನು ಒಪ್ಪುವರು. ಸಂಕಲ್ಪವನ್ನು ಬಿಟ್ಟು ಹೋಮವನ್ನು ಮಾಡಿದರೆ, ಅಥವಾ ಪೂರ್ಣಾಹುತಿಯನ್ನು ಮೊದಲಿಗೇ ಕೊಟ್ಟರೆ, ದ್ರವ್ಯವೆಲ್ಲ ವ್ಯಯವಾದರೂ ಕರ್ಮವು ಸಿದ್ಧಿಸದು. ಅಲ್ಲಿ ಫಲ ತಪ್ಪಬಹುದು. ವಿದ್ಯುತ್ತಿನ ಕೆಲಸದಲ್ಲಿ ಕ್ರಮ ತಪ್ಪಿದರೆ ಪ್ರಾಣವೇ ತಪ್ಪುತ್ತದೆ. ಪರೀಕ್ಷಿಸದೆ ಅರ್ಥಿಂಗ್ ಹಾಕಲು ಹೋದವನೂ, ಅರ್ಥಿಂಗ್ ಹಾಕದೆ ತಂತಿಯನ್ನು ಮುಟ್ಟಿದವನೂ, ಎಲ್ಲ ಉಪಕರಣಗಳನ್ನು ಹೊಂದಿದ್ದರೂ ಏನೂ ಇಲ್ಲದವನಿಗೆ ಸಮಾನರು.

ಕ್ರಮ ತಪ್ಪಿದರೆ ಏನಾಗುವುದೆಂಬುದಕ್ಕೆ 2023ನೆಯ ಇಸವಿಯ ಜುಲೈ ತಿಂಗಳಲ್ಲಿ ಉತ್ತರಾಖಂಡದ ಚಮೋಲಿಯಲ್ಲಿ ನಡೆದ ಘಟನೆಗಿಂತ ಘೋರವಾದ ನಿದರ್ಶನವು ಬೇಡ. ಅಲಕನಂದಾ ನದಿಯ ದಡದಲ್ಲಿ ಕೊಳಚೆನೀರನ್ನು ಶುದ್ಧಿಮಾಡುವ ಘಟಕವೊಂದಿದೆ. ಅಲ್ಲಿಯ ನೌಕರನೊಬ್ಬನು ರಾತ್ರಿಯ ಹೊತ್ತಿನಲ್ಲಿ ವಿದ್ಯುದಾಘಾತದಿಂದ ಮರಣಹೊಂದಿದನು. ಮರುದಿನ, ಎಂದರೆ 19ನೆಯ ತಾರೀಖು, ಬೆಳಿಗ್ಗೆ ಪಂಚನಾಮೆಗಾಗಿ ಪೋಲೀಸರು ಬಂದರು; ಬಂಧುಗಳೂ ಊರವರೂ ಕೂಡಿದರು. ರಾತ್ರಿ ಕೆಟ್ಟಿದ್ದ ಒಂದು ಫೇಸನ್ನು ಬೆಳಿಗ್ಗೆ ಸರಿಪಡಿಸಿ ಹಾಕಿದ ಮೇಲೆ ಘಟಕದಲ್ಲಿ ಮತ್ತೆ ವಿದ್ಯುತ್ತು ಹರಿಯಿತೆಂದು ಅಲ್ಲಿಯ ವಿದ್ಯುತ್ ಅಧಿಕಾರಿಗಳು ಅಂದು ತಿಳಿಸಿದರು. ಜನರು ನಿಂತಿದ್ದ ಜಾಗದ ಲೋಹದ ಕಂಬಿಗಳಲ್ಲೆಲ್ಲ ಅದು ವ್ಯಾಪಿಸಿತು. ಒಟ್ಟು ಹದಿನಾರು ಜನರು ಪ್ರಾಣಬಿಟ್ಟರು. ಪೋಲೀಸ್ ಅಧಿಕಾರಿಯೊಬ್ಬರೂ ಗೃಹರಕ್ಷಕ ದಳದವರೂ ಅವರಲ್ಲಿದ್ದರು.

ಈ ಘಟನೆಯನ್ನು ನಮ್ಮ ಅಧಿಕಾರಿ ವಾಚಕರು ಮತ್ತೊಮ್ಮೆ ಮನಸ್ಸಿಗೆ ತಂದುಕೊಳ್ಳಬೇಕು. ಮೊದಲನೆಯ ಸಾವನ್ನು ಆಕಸ್ಮಿಕವೆಂದು ಕರೆದರೂ ಕರೆಯಬಹುದು. ಮಿಕ್ಕ ಹದಿನೈದಕ್ಕೆ ಆ ಹೆಸರು ಸಲ್ಲದು. ಒಬ್ಬನನ್ನು ವಿದ್ಯುತ್ತು ಕೊಂದ ಜಾಗಕ್ಕೆ ಹೋಗುವ ಮೊದಲು ಆ ಜಾಗಕ್ಕೆ ಬರುವ ವಿದ್ಯುತ್ತನ್ನು ಕಡಿದು, ಬೀಗ ಹಾಕಿ, ಪರೀಕ್ಷಿಸಿ, ಅಲ್ಲಿರುವವರೆಲ್ಲರೂ ಹೊರಬಂದ ಸುದ್ದಿ ತಲುಪುವವರೆಗೆ ಯಾರೂ ಮತ್ತೆ ಹಾಕಕೂಡದೆಂಬ ಒಂದೇ ವಿಧಿಯನ್ನು ಪಾಲಿಸಿದ್ದರೆ ಆ ಹದಿನೈದು ಮನೆಗಳಲ್ಲಿ ಅಂದು ಸಂಜೆ ಒಲೆ ಉರಿಯುತ್ತಿತ್ತು. ಸತ್ತವರಲ್ಲಿ ಯಾರೂ ಕಂಬವನ್ನೇರಿದವರಲ್ಲ. ಸುರಕ್ಷತೆಯ ವಿಧಿಗಳು ಲೈನ್‌ಮನ್ನನಿಗೆ ಮಾತ್ರ ಸಂಬಂಧಿಸಿದವು, ಪೋಲೀಸರಿಗೂ ಪುರಸಭೆಗೂ ಅವುಗಳಿಂದ ಆಗಬೇಕಾದ್ದೇನು ಎನ್ನುವವರಿಗೆ ಚಮೋಲಿಯೇ ಉತ್ತರ.

ನಮ್ಮ ರಾಜ್ಯದಲ್ಲಿಯೂ ಅದೇ ವರ್ಷದ ನವೆಂಬರಿನಲ್ಲಿ ಬೆಂಗಳೂರಿನ ಕಾಡುಗೋಡಿಯ ಬಳಿ, ಕಡಿದು ಕಾಲುದಾರಿಯ ಮೇಲೆ ಬಿದ್ದಿದ್ದ 11 ಸಾವಿರ ವೋಲ್ಟಿನ ತಂತಿಯನ್ನು ನಸುಕಿನಲ್ಲಿ ತುಳಿದು ಒಬ್ಬ ತಾಯಿಯೂ ಅವಳ ಹಸುಗೂಸೂ ಸುಟ್ಟು ಸತ್ತುದನ್ನು ಯಾರೂ ಮರೆತಿರಲಾರರು. ಆ ಸಂಬಂಧವಾಗಿ ಕೆಲವು ನೌಕರರೂ ಅಧಿಕಾರಿಗಳೂ ಅಮಾನತಾದರು. ತಂತಿ ಬಿದ್ದಾಗ ಲೈನು ತಾನಾಗಿ ಸಾಯಬೇಕು. ತಂತಿ ಏಕೆ ಸತ್ತಿತೆಂಬುದನ್ನು ನೋಡದೆ ಯಾರೂ ಅದನ್ನು ಮತ್ತೆ ಎಬ್ಬಿಸಕೂಡದು. ಇದು ಕೆಲಸಗಾರನ ರಕ್ಷಣೆಗೂ ದಾರಿಹೋಕನ ರಕ್ಷಣೆಗೂ ಸಮಾನವಾದ ವಿಧಿ.

ಕಾನೂನಿನ ಕೊರತೆಯಿಲ್ಲವೆಂದು ಮೊದಲೇ ಹೇಳಿದೆವು. 1910ರ ಭಾರತೀಯ ವಿದ್ಯುತ್ ಕಾಯಿದೆಯೂ 1956ರ ನಿಯಮಗಳೂ ದೀರ್ಘಕಾಲ ನಡೆದವು. ಬಳಿಕ 2003ರ ವಿದ್ಯುತ್ ಕಾಯಿದೆಯು ಬಂದಿತು. ಅದರ ಮೇರೆಗೆ ಕೇಂದ್ರ ವಿದ್ಯುತ್ ಪ್ರಾಧಿಕಾರವು ಸುರಕ್ಷತೆಯ ನಿಬಂಧನೆಗಳನ್ನು 2010ರಲ್ಲಿ ಹೊರಡಿಸಿ, 2023ರಲ್ಲಿ ಹೊಸದಾಗಿ ಮತ್ತೆ ಹೊರಡಿಸಿದೆ. ಲೈನಿನ ಮೇಲೆ ಕೆಲಸ ಮಾಡುವವನಿಗೆ ಕೈಗವಸು, ರಬ್ಬರಿನ ಪಾದರಕ್ಷೆ, ಸುರಕ್ಷತಾ ಬೆಲ್ಟು, ಏಣಿ, ಅರ್ಥಿಂಗ್ ಸಲಕರಣೆ, ಹೆಲ್ಮೆಟ್ಟು, ಟೆಸ್ಟರು ಇವುಗಳನ್ನು ಒದಗಿಸತಕ್ಕದ್ದೆಂದೂ, ಅಧಿಕೃತನಲ್ಲದವನು ಜೀವಂತ ಲೈನನ್ನು ಮುಟ್ಟಕೂಡದೆಂದೂ ನಿಬಂಧನೆಗಳು ಸ್ಪಷ್ಟವಾಗಿ ಹೇಳುತ್ತವೆ. ಪ್ರಾಣಹಾನಿಯಾದರೆ ಇಪ್ಪತ್ತನಾಲ್ಕು ಗಂಟೆಗಳೊಳಗೆ ವಿದ್ಯುತ್ ಪರಿವೀಕ್ಷಕರಿಗೆ ತಿಳಿಸಬೇಕು. ಆದರೆ ಕಾಗದದ ಮೇಲಿನ ಕೈಗವಸು ಯಾವ ಕೈಯನ್ನೂ ಕಾಪಾಡದು. ಉಗ್ರಾಣದ ಪುಸ್ತಕದಲ್ಲಿ ಲೆಕ್ಕಕ್ಕೆ ಸೇರಿ, ಕಪಾಟಿನಲ್ಲಿ ಬಿರುಕುಬಿಟ್ಟು ಕುಳಿತಿರುವ ರಬ್ಬರಿನ ಗ್ಲೌಸು ಇಲ್ಲದ್ದಕ್ಕಿಂತಲೂ ಕೆಟ್ಟದ್ದು, ಏಕೆಂದರೆ ಅದು ಇಲ್ಲದ ಧೈರ್ಯವನ್ನು ಕೊಡುತ್ತದೆ.

ಈಗ ಅವಸರದ ವಿಷಯಕ್ಕೆ ಬರೋಣ. ಮುಂಗಾರು ಮಳೆಯ ರಾತ್ರಿ. ಮಲೆನಾಡಿನ ಊರೊಂದರಲ್ಲಿ ಮರ ಬಿದ್ದು ಲೈನು ಹೋಗಿದೆಯೆಂದು ಭಾವಿಸೋಣ. ಕರೆಂಟು ಹೋದ ಹತ್ತನೆಯ ನಿಮಿಷದಿಂದ ಸೆಕ್ಷನ್ ಆಫೀಸಿನ ಟೆಲಿಫೋನು ಸುಮ್ಮನಿರುವುದಿಲ್ಲ. ಊರ ಪ್ರಮುಖರು ಎಂಜಿನಿಯರನ್ನು ಕೇಳುತ್ತಾರೆ. ಮೇಲಧಿಕಾರಿಯು ಅದೇ ಎಂಜಿನಿಯರನ್ನು ಕೇಳುತ್ತಾರೆ. ಪ್ರಜಾಪ್ರತಿನಿಧಿಯ ಆಪ್ತರು ಮೇಲಧಿಕಾರಿಯನ್ನು ಕೇಳುತ್ತಾರೆ. ಪ್ರತಿಯೊಬ್ಬರ ಪ್ರಶ್ನೆಯೂ ಒಂದೇ: "ಇನ್ನೆಷ್ಟು ಹೊತ್ತು?" "ಮೇಲೆ ಹತ್ತಿದವನು ಅರ್ಥಿಂಗ್ ಹಾಕಿದ್ದಾನೆಯೇ?" ಎಂದು ಕೇಳಿದವರು ಯಾರೂ ಇಲ್ಲ. ಈ ಪ್ರಶ್ನೆಯ ಭಾರವು ಮೇಲಿನಿಂದ ಕೆಳಕ್ಕೆ ಇಳಿಯುತ್ತ ಇಳಿಯುತ್ತ, ಮಳೆಯಲ್ಲಿ ಒದ್ದೆಯಾದ ಕಂಬದ ಬುಡದಲ್ಲಿ ಟಾರ್ಚು ಹಿಡಿದು ನಿಂತವನ ಹೆಗಲ ಮೇಲೆ ಬೀಳುತ್ತದೆ. ಅವನು ಅನೇಕ ವೇಳೆ ಗುತ್ತಿಗೆದಾರನ ಆಳು. ನಾಳೆ ಕೆಲಸವಿರುವುದೆಂಬ ಖಾತ್ರಿ ಅವನಿಗಿಲ್ಲ. "ರಾಡು ತರಲು ಜೀಪನ್ನು ಕಳುಹಿಸಿರಿ, ಅಲ್ಲಿಯವರೆಗೆ ಹತ್ತುವುದಿಲ್ಲ" ಎಂದು ಹೇಳುವ ಧೈರ್ಯವನ್ನು ಅವನಿಂದ ನಿರೀಕ್ಷಿಸುವ ನಾವು, ಆ ಮಾತನ್ನು ಅವನು ಆಡಿದರೆ ಅವನನ್ನು ಸೋಮಾರಿಯೆಂದು ಕರೆಯದೆ ಬಿಡುವೆವೇ? ಆತುರಗಾರನಿಗೆ ಬುದ್ಧಿ ಮಟ್ಟವೆಂಬ ಗಾದೆಯಿದೆ. ಇಲ್ಲಿ ಆತುರವು ಒಬ್ಬರದು, ಪ್ರಾಣವು ಮತ್ತೊಬ್ಬನದು.

ಇದಕ್ಕೆ ಪ್ರತಿಯಾಗಿ ಎರಡು ಆಕ್ಷೇಪಗಳು ಬರುತ್ತವೆ. ಎಲ್ಲ ನಿಯಮಗಳನ್ನೂ ಅಕ್ಷರಶಃ ಪಾಲಿಸುತ್ತ ಹೋದರೆ ಕೆಲಸವೇ ಸಾಗದೆಂಬುದು ಮೊದಲನೆಯದು. ಸಲಕರಣೆಗಳು ಕೈಗೆ ಸಿಕ್ಕುವಂತಿದ್ದರೆ ಪರೀಕ್ಷೆಗೂ ಅರ್ಥಿಂಗಿಗೂ ಬೇಕಾಗುವ ಕಾಲವು ಅಲ್ಪವೇ. ಕಾಲ ಹಿಡಿಯುವುದು ಸಲಕರಣೆಗಳು ಒಂದೂರಿನಲ್ಲಿಯೂ ಕೆಲಸವು ಇನ್ನೊಂದೂರಿನಲ್ಲಿಯೂ ಇದ್ದಾಗ. ಆ ದೋಷವು ನಿಯಮದ್ದಲ್ಲ, ಏರ್ಪಾಡಿನದು. ಅಲ್ಲದೆ, ಕೆಲಸಗಾರನೊಬ್ಬನು ಸತ್ತರೆ ಆ ಲೈನು ಎಷ್ಟು ಹೊತ್ತು ನಿಲ್ಲುವುದೆಂಬುದನ್ನೂ ಈ ಲೆಕ್ಕದಲ್ಲಿ ಸೇರಿಸಬೇಡವೇ? ಕೆಲಸಗಾರರೇ ಉಡಾಫೆಯವರು, ಕೊಟ್ಟ ಕೈಗವಸನ್ನು ತೊಡುವುದಿಲ್ಲವೆಂಬುದು ಎರಡನೆಯದು. ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. ಬರಿಗೈಯಲ್ಲಿ ಫ್ಯೂಸು ಹಾಕುವುದನ್ನು ಗಂಡಸುತನವೆಂದು ತಿಳಿಯುವವರು ಆ ವೃತ್ತಿಯಲ್ಲಿದ್ದಾರೆ. ಹಿರಿಯರನ್ನು ನೋಡಿ ಕಿರಿಯರು ಕಲಿಯುತ್ತಾರೆ. ಇದು ಹೋಗಲೇಬೇಕು. ಆದರೆ ನಿಯಮ ಮುರಿದು ಬೇಗ ಕೆಲಸ ಮುಗಿಸಿದವನಿಗೆ ಶಾಭಾಸ್ ಎಂದು, ನಿಯಮ ಪಾಲಿಸಿ ತಡಮಾಡಿದವನಿಗೆ ಮೆಮೋ ಕೊಡುವ ಕಡೆಯಲ್ಲಿ ಯಾವ ಉಪದೇಶವು ಫಲಿಸೀತು? ಮೇಲಿನವರು ಮೆಚ್ಚಿದ್ದನ್ನೇ ಕೆಳಗಿನವರು ಮಾಡುವರು.

ಆದಕಾರಣ ಅಧಿಕಾರಿವರ್ಗದವರ ಮುಂದೆ ನಾವು ಕೆಲವು ಸೂಚನೆಗಳನ್ನಿಡುತ್ತೇವೆ. ಬಾಯಿಮಾತಿನಲ್ಲಿ, ಪರಿಚಯದ ಸಲಿಗೆಯಲ್ಲಿ ಎಲ್.ಸಿ. ಕೊಡುವುದೂ ಪಡೆಯುವುದೂ ಸರ್ವಥಾ ನಿಲ್ಲಬೇಕು. ಟೆಲಿಫೋನಿನಲ್ಲಿ ಕೊಡುವುದು ಅನಿವಾರ್ಯವಾದರೆ ಸಂಖ್ಯೆಯನ್ನು ನಮೂದಿಸಿ, ಹೇಳಿದ್ದನ್ನು ಕೇಳಿದವನು ತಿರುಗಿ ಹೇಳಿ, ಎರಡು ಕಡೆಯೂ ಬರೆದುಕೊಳ್ಳಬೇಕು. ಒಬ್ಬಂಟಿಯಾಗಿ ಯಾರನ್ನೂ ಲೈನಿನ ಮೇಲೆ ಕಳುಹಿಸಕೂಡದು. ಕೆಳಗೆ ನಿಂತು ನೋಡುವವನೂ ಕೆಲಸದವನೇ. ಗುತ್ತಿಗೆಯ ಆಳಿಗೂ ಖಾಯಂ ನೌಕರನಿಗೂ ಒಂದೇ ತರಬೇತಿ, ಒಂದೇ ಸಲಕರಣೆ ಇರಬೇಕು. ವಿದ್ಯುತ್ತು ಸಂಬಳದ ಪಟ್ಟಿಯನ್ನು ನೋಡಿ ಹೊಡೆಯುವುದಿಲ್ಲ. ಕೈಗವಸುಗಳನ್ನು ಅವಧಿಗೆ ಸರಿಯಾಗಿ ಪರೀಕ್ಷಿಸಬೇಕು. ಸುರಕ್ಷಿತವಲ್ಲವೆಂದು ಕಂಡ ಕೆಲಸವನ್ನು ನಿರಾಕರಿಸಿದವನಿಗೆ ಶಿಕ್ಷೆಯಿಲ್ಲವೆಂಬ ಲಿಖಿತ ಭರವಸೆ ಬೇಕು. ಸ್ವಲ್ಪದರಲ್ಲಿ ತಪ್ಪಿದ ಅಪಘಾತಗಳನ್ನು ಮುಚ್ಚಿಡದೆ ವರದಿ ಮಾಡಿಸಿ ಎಲ್ಲ ಸೆಕ್ಷನ್ನುಗಳಿಗೂ ತಿಳಿಸಬೇಕು. ಅಪಘಾತದ ವಿಚಾರಣೆಯಲ್ಲಿ "ಮೃತನ ನಿರ್ಲಕ್ಷ್ಯ" ಎಂಬ ಎರಡು ಶಬ್ದಗಳಿಂದ ಕಡತವನ್ನು ಮುಗಿಸದೆ, ಆ ಹೊತ್ತಿನಲ್ಲಿ ಅವನಿಗೆ ಯಾರು ಯಾವ ಆಜ್ಞೆ ಕೊಟ್ಟರು, ಅವನ ಬಳಿ ಏನೇನು ಇತ್ತು, ಏನು ಇರಲಿಲ್ಲ ಎಂಬುದನ್ನು ಬರೆಯಬೇಕು. ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆಂಬಂತೆ ಸಾವಾದ ಮರುದಿನ ಸುತ್ತೋಲೆ ಹೊರಡಿಸುವುದರಲ್ಲಿ ಪ್ರಯೋಜನವಿಲ್ಲ.

ಪಟ್ಟಣಿಗರಿಗೂ ಗೃಹಸ್ಥರಿಗೂ ಕರ್ತವ್ಯಗಳಿವೆ. ಮನೆಗೆ ಬಂದ ಎಲೆಕ್ಟ್ರಿಷಿಯನ್ನನಿಗೆ "ಮೇನ್ ಆಫ್ ಮಾಡಬೇಡಪ್ಪ, ಟಿ.ವಿ. ನಡೆಯುತ್ತಿದೆ" ಎಂದು ಹೇಳುವುದು ಅವನ ಪ್ರಾಣದೊಡನೆ ಆಡುವುದಕ್ಕೆ ಸಮ. ಆಂಪಿಯರಿನ ಸಾವಿರದ ಮೂವತ್ತು ಪಾಲು ಸೋರಿದರೂ ಕ್ಷಣಾರ್ಧದಲ್ಲಿ ಕರೆಂಟನ್ನು ಕಡಿಯುವ ಸಾಧನವು ಈಗ ಪೇಟೆಯಲ್ಲಿ ದೊರೆಯುತ್ತದೆ. ಫ್ಯೂಸು ಮಾಡಲಾರದ ಕೆಲಸವನ್ನು ಅದು ಮಾಡುತ್ತದೆ. ಮದುವೆಗೆ ಹಾಕಿಸುವ ಸೀರಿಯಲ್ ದೀಪದ ಖರ್ಚಿನೊಡನೆ ಹೋಲಿಸಿದರೆ ಅದರ ಬೆಲೆ ಹೆಚ್ಚೇನಲ್ಲ. ಜನರೇಟರನ್ನು ಇಟ್ಟುಕೊಂಡವರು ಬದಲಿ ಸ್ವಿಚ್ಚಿಲ್ಲದೆ ಅದನ್ನು ನಡೆಸಕೂಡದು. ಮನೆ ಕಟ್ಟಿಸುವವರು, ಬೋರ್‌ವೆಲ್ ಕೊರೆಯಿಸುವವರು, ಮೇಲೆ ಹಾಯ್ದ ತಂತಿಯನ್ನು ಕಣ್ಣೆತ್ತಿ ನೋಡಿ ಆಮೇಲೆ ಕಬ್ಬಿಣದ ಪೈಪನ್ನೆತ್ತಿಸಬೇಕು. ಹಳ್ಳಿಗಳಲ್ಲಿ ಟಿ.ಸಿ.ಯ ಫ್ಯೂಸನ್ನು ರೈತರೇ ಹಾಕಿಕೊಳ್ಳುವ ಪದ್ಧತಿ ಬೆಳೆದಿದೆ. ಬೆಳೆ ಒಣಗುತ್ತಿರುವವನ ಸಂಕಟವನ್ನು ನಾವು ಬಲ್ಲೆವು. ಆದರೆ ಒಂದು ನೀರಿನ ಸರದಿಗಾಗಿ ಮನೆಯ ಯಜಮಾನನನ್ನು ಕಳೆದುಕೊಂಡ ಸಂಸಾರದ ಸಂಕಟವು ಅದಕ್ಕಿಂತ ದೊಡ್ಡದು. ಅವನು ಹಾಗೆ ಮಾಡಬೇಕಾಗಿ ಬರದಂತೆ ಕರೆದಾಗ ಬರುವ ಲೈನ್‌ಮನ್ನನನ್ನು ಒದಗಿಸುವುದು ಕಂಪೆನಿಗಳ ಹೊಣೆ.

ಯಾರಾದರೂ ತಂತಿಗೆ ಸಿಕ್ಕಿದ್ದನ್ನು ಕಂಡರೆ ಮೊದಲು ಕೈಹಾಕಿ ಎಳೆಯಬೇಡಿರಿ. ಎಳೆಯಲು ಹೋದವನೂ ಅಂಟಿಕೊಂಡು ಸಾಯುವನು. ಮೊದಲು ಮೇನ್ ಸ್ವಿಚ್ಚನ್ನು ತೆಗೆಯಿರಿ. ಮನೆಯ ಕರೆಂಟಾದರೆ, ಸ್ವಿಚ್ಚು ಸಿಕ್ಕದಿದ್ದಾಗ, ಒಣಗಿದ ಮರದ ಕೋಲಿನಿಂದ ತಂತಿಯನ್ನು ಸರಿಸಬಹುದು. ಬೀದಿಯ ದೊಡ್ಡ ಲೈನಾದರೆ ಕೋಲೂ ಕಾಯದು. ದೂರದಲ್ಲಿಯೇ ನಿಂತು, ಇತರರನ್ನೂ ದೂರವಿರಿಸಿ, 1912ಕ್ಕೆ ತಿಳಿಸಬೇಕು. ಬಿಡಿಸಿದ ಬಳಿಕ ಉಸಿರಾಟವಿಲ್ಲದಿದ್ದರೆ, ಸತ್ತನೆಂದು ಕೈಕಟ್ಟಿ ನಿಲ್ಲದೆ, ಎದೆಯ ನಡುವೆ ಎರಡು ಕೈಗಳಿಂದ ಬಲವಾಗಿ, ವೇಗವಾಗಿ ಒತ್ತುತ್ತ 108ರ ವಾಹನ ಬರುವವರೆಗೆ ಬಿಡದೆ ನಡೆಸಬೇಕು. ಅದುರುತ್ತಿರುವ ಹೃದಯವು ಮತ್ತೆ ತಾಳಕ್ಕೆ ಬಂದು ಬದುಕಿದವರುಂಟು. ಇದನ್ನು ಪ್ರತಿಯೊಂದು ಶಾಲೆಯಲ್ಲಿಯೂ ಕಛೇರಿಯಲ್ಲಿಯೂ ವರ್ಷಕ್ಕೊಮ್ಮೆಯಾದರೂ ಕಲಿಸತಕ್ಕದ್ದು.

ಆಯುಧಪೂಜೆಯ ದಿನ ನಮ್ಮ ಸಬ್‌ಸ್ಟೇಷನ್ನುಗಳಲ್ಲಿಯೂ ಕಾರ್ಖಾನೆಗಳಲ್ಲಿಯೂ ಸ್ವಿಚ್ ಬೋರ್ಡುಗಳಿಗೆ ಅರಿಶಿನ ಕುಂಕುಮವಿಟ್ಟು ಹೂವೇರಿಸಿ ಬೂದುಗುಂಬಳಕಾಯಿ ಒಡೆಯುತ್ತೇವೆ. ಅದು ಒಳ್ಳೆಯ ಸಂಪ್ರದಾಯವೇ. ಅಂದು ಆ ಉಪಕರಣಗಳ ಸಾಲಿನಲ್ಲಿ ಅರ್ಥಿಂಗ್ ರಾಡನ್ನೂ, ಟೆಸ್ಟರನ್ನೂ, ಕೈಗವಸನ್ನೂ ಇಟ್ಟು, ಅವು ನೆಟ್ಟಗಿವೆಯೇ ಎಂದು ನೋಡಿ ಪೂಜಿಸಿದರೆ ದೇವಿಯು ಹೆಚ್ಚು ಪ್ರಸನ್ನಳಾಗುವಳೆಂದು ನಮ್ಮ ನಂಬಿಕೆ.

ಈ ಮಳೆಗಾಲದಲ್ಲಿಯೂ ಮರಗಳು ಬೀಳುವುವು, ಲೈನುಗಳು ಹೋಗುವುವು, ಊರುಗಳು ಕೆಲವು ಗಂಟೆ ಕತ್ತಲೆಯಲ್ಲಿ ಕುಳಿತಿರುವುವು. ಆ ಹೊತ್ತಿನಲ್ಲಿ ಟೆಲಿಫೋನಿಗೆ ಕೈಹಾಕುವ ಮೊದಲು, ನಮಗೆ ಬೆಳಕು ಕೊಡುವುದಕ್ಕಾಗಿ ಎಲ್ಲಿಯೋ ಒಬ್ಬನು ಒದ್ದೆ ಕಂಬದ ಮೇಲಿದ್ದಾನೆಂಬುದನ್ನು ವಾಚಕರು ನೆನೆಯಬೇಕು. ಕೇಳಲೇಬೇಕಾದರೆ, "ಎಷ್ಟು ಹೊತ್ತಾಗುತ್ತದೆ?" ಎಂಬುದರ ಬದಲು "ಕ್ರಮದಂತೆ ಮಾಡಿರಿ, ನಾವು ಕಾಯುತ್ತೇವೆ" ಎಂದು ಹೇಳಬೇಕು. ಮೇಲಧಿಕಾರಿಯ ಬಾಯಿಂದ ಈ ಮಾತು ಬಂದರೆ ಅದು ಯಾವ ಸುತ್ತೋಲೆಗಿಂತಲೂ ಹೆಚ್ಚು ಪ್ರಾಣಗಳನ್ನು ಉಳಿಸುವುದು. ಕಾಯುವುದರಿಂದ ನಮಗೆ ನಷ್ಟವಾಗುವುದು ಅರ್ಧ ಗಂಟೆಯ ಬೆಳಕು. ಕಾಯದಿದ್ದರೆ ಒಂದು ಮನೆಯ ದೀಪವು ಎಂದೆಂದಿಗೂ ಆರಿಹೋಗುವುದು.